ಪರಮಾಣುವಿನಷ್ಟು ತೆಳುವಾದ ಅಯಸ್ಕಾಂತವೂ ವಜ್ರದೊಳಗಿನ ಕುಂದೂ

ಎಂಟನೆಯ ತರಗತಿಗೆ ಅಯಸ್ಕಾಂತದ ಪಾಠ ಮಾಡುವಾಗ ನಾವು ಪ್ರತಿವರ್ಷ ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ಅಯಸ್ಕಾಂತಕ್ಕೆ ಉಜ್ಜಿ, ಅದು ಗುಂಡುಸೂಜಿಗಳನ್ನು ಎತ್ತುವುದನ್ನು ತೋರಿಸಿ, ಬಳಿಕ ಅದನ್ನು ಎರಡಾಗಿ ಮುರಿದು ತೋರಿಸುವುದುಂಟು. ಮುರಿದ ಎರಡೂ ತುಂಡುಗಳಿಗೆ ಉತ್ತರ ದಕ್ಷಿಣ ಧ್ರುವಗಳಿರುತ್ತವೆ. ಮತ್ತೆ ಮುರಿದರೆ ಮತ್ತೆ ಹಾಗೆಯೇ. ಕೆಲವು ವರ್ಷಗಳ ಹಿಂದೆ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ತುಂಡು ಮಾಡುವುದು ಬೇಡ. ಅಡಿಕೆ ಹಾಳೆಯ ಪದರ ಕಿತ್ತ ಹಾಗೆ ತೆಳ್ಳಗೆ ಸೀಳುತ್ತಾ ಹೋದರೆ ಎಲ್ಲಿಯವರೆಗೆ ಅದು ಅಯಸ್ಕಾಂತವಾಗಿಯೇ ಇರುತ್ತದೆ?" ಎಂದು ಕೇಳಿದ. "ಕೊನೆಯ ಪರಮಾಣುವಿನವರೆಗೂ ಇರುತ್ತದೆ. ಕಬ್ಬಿಣದ ಒಂದೊಂದು ಪರಮಾಣುವೂ ಪುಟ್ಟ ಅಯಸ್ಕಾಂತವೇ ಅಲ್ಲವೇ, ಕುಳಿತುಕೋ" ಎಂದೆವು. ಅಷ್ಟರಲ್ಲಿ ಗಂಟೆಯೂ ಹೊಡೆಯಿತು.

ನಾವು ಕೊಟ್ಟ ಉತ್ತರ ಸರಿಯಲ್ಲ ಎಂಬುದು ಆ ಮೇಲೆ ಓದಿದಾಗ ತಿಳಿಯಿತು. ಆ ಪ್ರಶ್ನೆ ಸುಮಾರು ನೂರು ವರ್ಷಗಳಿಂದ ದೊಡ್ಡ ದೊಡ್ಡ ಶಾಸ್ತ್ರಜ್ಞರನ್ನು ಕಾಡಿದ ಪ್ರಶ್ನೆ. ಅದಕ್ಕೆ ಪ್ರಯೋಗದ ಉತ್ತರ ಸಿಕ್ಕಿದ್ದು 2016-17ರ ಸುಮಾರಿಗೆ. ಆ ಉತ್ತರದ ಒಳಗುಟ್ಟನ್ನು ಇಣುಕಿ ನೋಡುವ ಕೆಲಸ ಈಗ ವಜ್ರದ ಚೂರುಗಳ ಸಹಾಯದಿಂದ ನಡೆಯುತ್ತಿದೆ. ಆ ಹುಡುಗನಿಗೆ ಸಲ್ಲಬೇಕಾದ ಬಾಕಿಯನ್ನು ಈ ಲೇಖನದ ಮೂಲಕ ತೀರಿಸುವುದು ನಮ್ಮ ಉದ್ದೇಶ.

ಪರಮಾಣುಗಳು ಪುಟ್ಟ ಅಯಸ್ಕಾಂತಗಳೆಂಬುದು ನಿಜ. ಆದರೆ ಅಷ್ಟೇ ಸಾಲದು, ಅವೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಹಾಗೆ ನಿಲ್ಲಿಸುವುದು ನೆರೆಯ ಪರಮಾಣುಗಳ ಪರಸ್ಪರ ಒತ್ತಾಯ, ನಿಲ್ಲಲು ಬಿಡದಿರುವುದು ಉಷ್ಣತೆ. ಕಬ್ಬಿಣವನ್ನು ಕಾಸುತ್ತಾ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಉಷ್ಣತೆಯ ಕೈ ಮೇಲಾಗಿ ಅದರ ಅಯಸ್ಕಾಂತತ್ವ ಅಳಿದುಹೋಗುತ್ತದೆ. ಗಟ್ಟಿ ತುಂಡಿನೊಳಗಿನ ಪರಮಾಣುವಿಗೆ ಮೇಲೆ, ಕೆಳಗೆ, ಸುತ್ತಲೂ ನೆರೆಯವರುಂಟು. ಒಂದೇ ಪದರದ ಹಾಳೆಯಲ್ಲಿರುವ ಪರಮಾಣುವಿಗೆ ಅಕ್ಕಪಕ್ಕದವರು ಮಾತ್ರ. ಅಷ್ಟು ಮಂದಿಯ ಬೆಂಬಲದಿಂದ ಅದು ನೆಟ್ಟಗೆ ನಿಂತೀತೇ? ಹುಡುಗನ ಪ್ರಶ್ನೆಯ ತಿರುಳು ಇದೇ.

ಐಸಿಂಗ್ ಮಾಸ್ತರರ ತಪ್ಪು

ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾನಿಲಯದಲ್ಲಿ ವಿಲ್ಹೆಲ್ಮ್ ಲೆಂಝ್ ಎಂಬ ಪ್ರಾಧ್ಯಾಪಕರು ತಮ್ಮ ಶಿಷ್ಯ ಅರ್ನ್‌ಸ್ಟ್ ಐಸಿಂಗ್ ಎಂಬವರಿಗೆ ಹೆಚ್ಚುಕಡಿಮೆ ಇದೇ ಲೆಕ್ಕವನ್ನು ಒಪ್ಪಿಸಿದರು. ಪುಟ್ಟ ಅಯಸ್ಕಾಂತಗಳಿಗೆ 'ಮೇಲೆ' ಇಲ್ಲವೆ 'ಕೆಳಗೆ' ಎಂಬ ಎರಡೇ ಮುಖಗಳಿವೆ ಎಂದು ಇಟ್ಟುಕೊಂಡು, ಮಣಿಸರದಂತೆ ಒಂದೇ ಸಾಲಿನಲ್ಲಿ ಜೋಡಿಸಿದರೆ ಏನಾಗುತ್ತದೆಂದು ಐಸಿಂಗ್ ಲೆಕ್ಕ ಹಾಕಿದರು. 1925ರಲ್ಲಿ ಅಚ್ಚಾದ ಅವರ ಉತ್ತರ: ಎಳ್ಳಷ್ಟು ಉಷ್ಣತೆ ಇದ್ದರೂ ಸರ ಅಯಸ್ಕಾಂತವಾಗದು. ಎಲ್ಲೋ ಒಂದು ಮಣಿ ತಿರುಗಿದರೆ ಅದರಾಚೆಯ ಭಾಗವೆಲ್ಲ ತಿರುಗಿ ನಿಲ್ಲಲು ಅಡ್ಡಿಯಿಲ್ಲ. ಇಲ್ಲಿಯವರೆಗೆ ಸರಿ. ಆದರೆ ಗಟ್ಟಿ ವಸ್ತುವಿನಲ್ಲಿಯೂ ಹೀಗೆಯೇ ಆಗುತ್ತದೆಂದು ಅವರು ತೀರ್ಮಾನಿಸಿಬಿಟ್ಟರು. ಅಲ್ಲಿ ತಪ್ಪಿದರು.

ವಿಷಯಾಂತರವಾದರೂ ಐಸಿಂಗರ ಕಥೆಯನ್ನು ಹೇಳದೆ ಮುಂದುವರಿಯಲು ನಮಗೆ ಮನಸ್ಸಾಗುವುದಿಲ್ಲ, ಏಕೆಂದರೆ ಅವರು ಸಂಶೋಧನೆಯನ್ನು ಬಿಟ್ಟು ಶಾಲಾ ಮಾಸ್ತರರಾದವರು. ಯಹೂದಿಯಾದ ಅವರಿಗೆ 1933ರಲ್ಲಿ ನಾಝಿಗಳು ಬಂದ ಮೇಲೆ ಸರಕಾರಿ ಶಾಲೆಯ ಬಾಗಿಲು ಮುಚ್ಚಿತು. ಪಾಟ್ಸ್‌ಡಾಮ್ ಸಮೀಪದ ಕಾಪುತ್ ಎಂಬಲ್ಲಿ ಯಹೂದಿ ಮಕ್ಕಳ ವಸತಿ ಶಾಲೆಯಲ್ಲಿ ಪಾಠ ಹೇಳಿ ಮುಖ್ಯೋಪಾಧ್ಯಾಯರೂ ಆದರು. 1938ರ ನವೆಂಬರದ ಗಲಭೆಯಲ್ಲಿ ಆ ಶಾಲೆಯೂ ನಾಶವಾಯಿತು. ಲಕ್ಸೆಂಬರ್ಗಿಗೆ ಹೋಗಿ ಯುದ್ಧಕಾಲದಲ್ಲಿ ಕುರಿ ಕಾಯ್ದರು, ರೈಲು ಹಳಿಯ ಕೂಲಿ ಮಾಡಿದರು. 1947ರಲ್ಲಿ ಅಮೆರಿಕ ಸೇರಿದ ಬಳಿಕವಷ್ಟೇ, ತಾವು ಮರೆತುಬಿಟ್ಟಿದ್ದ ಆ ಲೆಕ್ಕ 'ಐಸಿಂಗ್ ಮಾದರಿ' ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿದೆಯೆಂಬುದು ಅವರಿಗೆ ತಿಳಿದದ್ದು!

ಅಷ್ಟರೊಳಗೆ ತಪ್ಪನ್ನು ಬೇರೆಯವರು ತಿದ್ದಿದ್ದರು. ಹಾಳೆಯಲ್ಲಿ ಶಿಸ್ತು ಉಳಿಯಬಲ್ಲದು ಎಂದು 1936ರಲ್ಲಿ ಪೈರಲ್ಸ್ ವಾದಿಸಿದರು. 1944ರಲ್ಲಿ ಲಾರ್ಸ್ ಆನ್ಸಾಗರ್ ಅದನ್ನು ಗಣಿತದಿಂದ ಪೂರ್ತಿಯಾಗಿ ಬಿಡಿಸಿ ತೋರಿಸಿದರು. ಹಾಗಾದರೆ ಹಾಳೆ ಅಯಸ್ಕಾಂತವಾಗುತ್ತದೆ ಎಂದಾಯಿತಲ್ಲ ಎನ್ನುವಷ್ಟರಲ್ಲಿ, 1966ರಲ್ಲಿ ಮರ್ಮಿನ್ ಮತ್ತು ವಾಗ್ನರ್ ಎಂಬ ಇಬ್ಬರು ಇನ್ನೊಂದು ತೀರ್ಪು ಕೊಟ್ಟರು. ಪರಮಾಣುಗಳಿಗೆ ಮೇಲೆ, ಕೆಳಗೆ ಎಂಬ ಎರಡೇ ಮುಖಗಳಿದ್ದರೆ ಆನ್ಸಾಗರ್ ಹೇಳಿದ್ದು ಸರಿ. ಆದರೆ ಎಲ್ಲ ದಿಕ್ಕಿಗೂ ಸಮಾನವಾಗಿ ಹೊರಳುವ ಸ್ವಾತಂತ್ರ್ಯ ಅವಕ್ಕಿದ್ದರೆ, ಎಷ್ಟೇ ಕಡಿಮೆ ಉಷ್ಣತೆಯಲ್ಲಿಯೂ ಹಾಳೆ ಅಯಸ್ಕಾಂತವಾಗಲಾರದು.

ಕಾರಣವನ್ನು ಗದ್ದೆಯ ಪೈರಿನಲ್ಲಿ ಕಾಣಬಹುದು. ಮೆಲ್ಲಗೆ ಗಾಳಿ ಬೀಸುವಾಗ ಒಂದು ತೆನೆಗೂ ಅದರ ಪಕ್ಕದ ತೆನೆಗೂ ಬಾಗುವಿಕೆಯಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಈ ಹುಣಿಯಿಂದ ಆ ಹುಣಿಗೆ ನೋಡಿದರೆ ಒಂದು ಕಡೆ ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ ಬಾಗಿರುತ್ತದೆ. ಇಂತಹ ಉದ್ದನೆಯ ಅಲೆಗಳನ್ನು ಎಬ್ಬಿಸಲು ಬೇಕಾದ ಶಕ್ತಿ ಅತ್ಯಲ್ಪ. ಗಟ್ಟಿ ವಸ್ತುವಿನಲ್ಲಿ ಅವುಗಳ ಒಟ್ಟು ಪ್ರಭಾವ ಮಿತಿಯೊಳಗೆ ಉಳಿಯುತ್ತದೆ, ಹಾಳೆಯಲ್ಲಿ ಮಿತಿಮೀರುತ್ತದೆ. ಆಂಗ್ಲರು 'ಫ್ಲಕ್ಚುವೇಶನ್' ಎನ್ನುವ ಇದಕ್ಕೆ ಪಠ್ಯಪುಸ್ತಕದ ಮಂದಿ 'ಏರಿಳಿತ' ಎನ್ನುತ್ತಾರೆ. ಅಡಿಕೆಯ ಧಾರಣೆಗೆ ಆ ಪದ ಒಪ್ಪೀತು. ಇಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಿಂತಲ್ಲಿಯೇ ಆಚೀಚೆ ತೂಗಾಡುವುದು. ನಾವು 'ತುಯ್ದಾಟ' ಎಂದೇ ಕರೆಯುತ್ತೇವೆ.

ಅಂತೂ ಹಾಳೆ ಅಯಸ್ಕಾಂತವಾಗುವುದೂ ಆಗದಿರುವುದೂ ಈ ತುಯ್ದಾಟಕ್ಕೆ ಕಡಿವಾಣ ಬೀಳುತ್ತದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ನೆಟ್ಟಗೆ ನಿಲ್ಲುವುದರಲ್ಲಿಯೇ ಪರಮಾಣುಗಳಿಗೆ ಒಲವಿದ್ದು, ಸ್ವಲ್ಪ ಓರೆಯಾಗಲೂ ಇಂತಿಷ್ಟು ಶಕ್ತಿ ತೆರಲೇಬೇಕು ಎಂಬ ನಿಯಮವಿದ್ದರೆ ಹಾಳೆ ಬದುಕಿಕೊಳ್ಳುತ್ತದೆ.

ಅಂಟುಪಟ್ಟಿಯಿಂದ ಹೊರಟ ಹಾಳೆ

ಬಹಳ ಕಾಲ ಇದೆಲ್ಲ ಕಾಗದದ ಮೇಲಿನ ಲೆಕ್ಕ. ಒಂದೇ ಪದರದ ಹಾಳೆ ಯಾರ ಕೈಗೂ ಸಿಕ್ಕಿರಲಿಲ್ಲ. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೋವ್ ಎಂಬವರು ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟನ್ನು ಸಾಮಾನ್ಯ ಅಂಟುಪಟ್ಟಿಗೆ ಹಚ್ಚಿ, ಮತ್ತೆ ಮತ್ತೆ ಎಳೆದು, ಒಂದೇ ಪರಮಾಣು ದಪ್ಪದ ಪದರವನ್ನು ಬೇರ್ಪಡಿಸಿ ತೋರಿಸಿದರು. 2010ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ಉಪಾಯದಿಂದ ಅಯಸ್ಕಾಂತ ಗುಣವುಳ್ಳ ಹರಳುಗಳನ್ನೂ ಸೀಳತೊಡಗಿದರು. 2016ರಲ್ಲಿ ಕಬ್ಬಿಣ, ರಂಜಕ, ಗಂಧಕ ಕೂಡಿದ ಒಂದು ಹರಳಿನ ಒಂಟಿ ಪದರದಲ್ಲಿ ಪರಮಾಣುಗಳು ಒಂದಕ್ಕೊಂದು ಎದುರುಮುಖವಾಗಿ ಶಿಸ್ತಿನಿಂದ ನಿಲ್ಲುವುದನ್ನು ದಕ್ಷಿಣ ಕೊರಿಯದವರು ಕಂಡುಹಿಡಿದರು. ಅವರು ಬಳಸಿದ ಸಾಧನ ನಮ್ಮ ಸರ್ ಸಿ. ವಿ. ರಾಮನ್ ಅವರ ಹೆಸರಿನ ರಾಮನ್ ಚದರಿಕೆ.

2017ರ ಜೂನ್ ತಿಂಗಳಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಜೊತೆಜೊತೆಯಾಗಿ ಎರಡು ವರದಿಗಳು ಬಂದವು. ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಮತ್ತು ಎಂ.ಐ.ಟಿ.ಯವರು ಕ್ರೋಮಿಯಂ ಮತ್ತು ಅಯೊಡಿನ್ ಸೇರಿದ ಹರಳಿನ ಒಂದೇ ಒಂದು ಪದರ ಅಯಸ್ಕಾಂತವಾಗಿ ಉಳಿಯುತ್ತದೆಂದು ತೋರಿಸಿದರು. ಉಷ್ಣತೆ ಮಾತ್ರ ಶೂನ್ಯಕ್ಕಿಂತ 228 ಡಿಗ್ರಿ ಕೆಳಗಿರಬೇಕು. ಈ ಹರಳಿನಲ್ಲಿ ಭಾರವಾದ ಅಯೊಡಿನ್ ಪರಮಾಣುಗಳ ದೆಸೆಯಿಂದ ಕ್ರೋಮಿಯಮ್ಮಿಗೆ ಹಾಳೆಗೆ ಲಂಬವಾಗಿ ನಿಲ್ಲುವ ಒಲವು ಬಲವಾಗಿದೆ. ಬರ್ಕ್‌ಲಿಯವರ ಎರಡನೆಯ ವರದಿ ಕ್ರೋಮಿಯಂ, ಜರ್ಮೇನಿಯಂ, ಟೆಲ್ಲೂರಿಯಂ ಕೂಡಿದ ಹರಳಿನದು. ಅಲ್ಲಿ ಒಲವು ತೀರಾ ದುರ್ಬಲ. ಅದಕ್ಕೆ ತಕ್ಕಂತೆ ಪದರಗಳು ಕಡಿಮೆಯಾದಷ್ಟೂ ಅಯಸ್ಕಾಂತತ್ವ ಉಳಿಯುವ ಉಷ್ಣತೆ ಕೆಳಗೆ ಕೆಳಗೆ ಜಾರಿತು. ಮರ್ಮಿನ್ ಮತ್ತು ವಾಗ್ನರ್ ಅವರ ತೀರ್ಪಿನ ನೆರಳು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕ್ರೋಮಿಯಂ ಅಯೊಡೈಡಿನ ಒಂದು ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಓದುಗರು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಒಂದು ಹಾಳೆಯಷ್ಟು ದಪ್ಪವಾಗಬೇಕಾದರೆ ಲಕ್ಷದ ಹತ್ತಿರ ಪದರಗಳನ್ನು ಪೇರಿಸಬೇಕಾದೀತು. ಗಾಳಿ ತಾಗಿದರೆ ಸ್ವಲ್ಪ ಹೊತ್ತಿನಲ್ಲಿ ಕೆಟ್ಟುಹೋಗುವುದರಿಂದ ಮುಚ್ಚಿದ ಪೆಟ್ಟಿಗೆಯೊಳಗೇ ಅದನ್ನು ಸೀಳಿ, ಬೇರೆ ಪದರಗಳ ನಡುವೆ ಹುದುಗಿಸಿ ಹೊರತರುತ್ತಾರೆ. ಇಷ್ಟು ಸೂಕ್ಷ್ಮವಾದದ್ದು ಅಯಸ್ಕಾಂತವಾಗಿದೆ ಎಂದು ತಿಳಿಯುವುದೇ ಕಷ್ಟ. ಅದರೊಳಗಿನ ತುಯ್ದಾಟವನ್ನು ಅಳೆಯುವುದೆಂತು? ಗಟ್ಟಿ ಹರಳುಗಳಲ್ಲಿ ಈ ಕೆಲಸಕ್ಕೆ ನ್ಯೂಟ್ರಾನುಗಳನ್ನು ಹಾಯಿಸುವ ಕ್ರಮವಿದೆ, ಆದರೆ ಒಂಟಿ ಪದರದಲ್ಲಿ ನ್ಯೂಟ್ರಾನಿಗೆ ಎದುರಾಗುವಷ್ಟು ಪರಮಾಣುಗಳೇ ಇಲ್ಲ. ಅಯಸ್ಕಾಂತದ ಮೊನೆಯನ್ನು ಹತ್ತಿರ ಒಯ್ದರೆ ಆ ಮೊನೆಯೇ ಹಾಳೆಯನ್ನು ಕದಡುತ್ತದೆ. ಕಾಡುಹಕ್ಕಿಯ ಗೂಡನ್ನು ನೋಡಲು ಹೋದವನು ಹಕ್ಕಿಯನ್ನು ಓಡಿಸಿದ ಹಾಗೆ. ಬೇಕಾಗಿದ್ದದ್ದು ತೀರಾ ಚಿಕ್ಕದಾದ, ಹತ್ತಿರ ಕುಳಿತರೂ ತೊಂದರೆ ಕೊಡದ ಸಾಕ್ಷಿ.

ಕುಂದೇ ಸಾಧನವಾದ ಬಗೆ

ವಜ್ರವೆಂದರೆ ಶುದ್ಧ ಇಂಗಾಲದ ಹರಳು. ಅದರಲ್ಲಿ ಎಲ್ಲಿಯೋ ಒಂದು ಕಡೆ ಇಂಗಾಲದ ಬದಲು ಸಾರಜನಕದ ಪರಮಾಣು ಬಂದು ಕುಳಿತು, ಅದರ ಪಕ್ಕದ ಜಾಗ ಖಾಲಿ ಉಳಿದಿರುವುದುಂಟು. ಆಭರಣದ ವ್ಯಾಪಾರಿಯ ಕಣ್ಣಿಗೆ ಬೀಳದಷ್ಟು ಸಣ್ಣ ಕುಂದು. ಅದರ ಮೇಲೆ ಹಸಿರು ಬೆಳಕು ಬಿಟ್ಟರೆ ಅದು ಕೆಂಪು ಬೆಳಕನ್ನು ಸೂಸುತ್ತದೆ.

ವಜ್ರ ಬೆಳಕು ಸೂಸುವ ವಿಚಾರದಲ್ಲಿ 1940ರ ದಶಕದಲ್ಲಿ ಬೆಂಗಳೂರಿನಲ್ಲಿ ರಾಮನ್ ಅವರೇ ಬಹಳ ಆಸಕ್ತಿಯಿಂದ ದುಡಿದಿದ್ದರು. ವಜ್ರಗಳನ್ನು ಸಂಗ್ರಹಿಸುವುದೆಂದರೆ ಅವರಿಗೆ ಪ್ರಾಣ. ಆ ಹೊಳಪು ವಜ್ರದ ಸ್ವಂತ ಗುಣ, ಕಶ್ಮಲದಿಂದ ಬಂದದ್ದಲ್ಲ ಎಂದು ಅವರ ವಾದ. ಸಾಮಾನ್ಯ ವಜ್ರಗಳಲ್ಲಿ ಸಾರಜನಕ ಧಾರಾಳವಾಗಿ ಬೆರೆತಿದೆಯೆಂಬುದು 1959ರಲ್ಲಿ ಗೊತ್ತಾಯಿತು. ವಜ್ರದ ಅನೇಕ ಹೊಳಪುಗಳ ಮೂಲ ಆ ಕಶ್ಮಲವೇ ಎಂದು ಬಳಿಕ ಸಿದ್ಧವಾಯಿತು. ರಾಮನ್ ಅವರಂತಹವರೂ ತಪ್ಪಿದ್ದಾರೆಂದು ತಿಳಿದಾಗ ನಮ್ಮಂತಹವರಿಗೆ ಒಂದಿಷ್ಟು ಸಮಾಧಾನವಾಗುತ್ತದೆ, ಸುಳ್ಳು ಹೇಳುವುದೇಕೆ.

ಆ ಕುಂದಿನಲ್ಲಿ ಸಿಕ್ಕಿಕೊಂಡಿರುವ ಇಲೆಕ್ಟ್ರಾನುಗಳಿಗೆ 'ಸ್ಪಿನ್' ಎಂಬ ಗುಣವಿದೆ. ಬುಗುರಿಯ ತಿರುಗಾಟವನ್ನು ನೆನೆದುಕೊಂಡರೆ ಸದ್ಯಕ್ಕೆ ಸಾಕು. ಈ ಸ್ಪಿನ್ನಿಗೆ ಒಂದು ಶಾಂತ ಸ್ಥಿತಿಯೂ ಎರಡು ಎಚ್ಚೆತ್ತ ಸ್ಥಿತಿಗಳೂ ಇವೆ, ನಡುವಿನ ಸ್ಥಿತಿಗಳಿಲ್ಲ. ಹೀಗೆ ಮೆಟ್ಟಿಲು ಮೆಟ್ಟಿಲಾಗಿರುವುದರಿಂದಲೇ ಇದನ್ನು ಕ್ವಾಂಟಮ್ ಸಂವೇದಕ ಎನ್ನುತ್ತಾರೆ. ಶಾಂತ ಸ್ಥಿತಿಯಲ್ಲಿದ್ದರೆ ಕೆಂಪು ಬೆಳಕು ಹೆಚ್ಚು, ಎಚ್ಚೆತ್ತರೆ ಮಂಕು. ಸೆಕೆಂಡಿಗೆ ಸುಮಾರು 287 ಕೋಟಿ ಸಲ ಕಂಪಿಸುವ ಮೈಕ್ರೋವೇವ್ ತಾಗಿಸಿದರೆ ಅದು ಎಚ್ಚೆತ್ತು ಮಂಕಾಗುತ್ತದೆ. ಹತ್ತಿರದಲ್ಲಿ ಅಯಸ್ಕಾಂತ ಕ್ಷೇತ್ರವಿದ್ದರೆ ಈ ಸಂಖ್ಯೆ ಎರಡಾಗಿ ಒಡೆಯುತ್ತದೆ, ಒಡೆದ ಅಂತರದಿಂದ ಕ್ಷೇತ್ರದ ಬಲ ತಿಳಿಯುತ್ತದೆ. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಭೂಮಿಯ ಕ್ಷೇತ್ರವೇ ಈ ಸಂಖ್ಯೆಯನ್ನು ಹತ್ತು ಲಕ್ಷದಷ್ಟು ಆಚೀಚೆ ಮಾಡಬಲ್ಲದು.

ಇಂತಹ ಒಂದೇ ಒಂದು ಕುಂದನ್ನು ಪ್ರತ್ಯೇಕವಾಗಿ ಕಂಡವರು 1997ರಲ್ಲಿ ಜರ್ಮನಿಯವರು. 2008ರಲ್ಲಿ ಹಾರ್ವರ್ಡ್ ಮತ್ತು ಸ್ಟುಟ್‌ಗಾರ್ಟಿನ ತಂಡಗಳು ಅದನ್ನು ಅಳತೆಗೋಲಾಗಿ ಬಳಸಿ ತೋರಿಸಿದವು. 2019ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಪ್ಯಾಟ್ರಿಕ್ ಮಲೆಟಿನ್‌ಸ್ಕಿ ಅವರ ತಂಡ ವಜ್ರದ ಮೊನೆಯ ತುದಿಯಲ್ಲಿ ಒಂದು ಕುಂದನ್ನಿಟ್ಟು ಕ್ರೋಮಿಯಂ ಅಯೊಡೈಡಿನ ಮೇಲೆ ಓಡಿಸಿ ನಕ್ಷೆ ಬರೆಯಿತು. ಈ ಹರಳಿನಲ್ಲಿ ಒಂದು ಪದರ ಮೇಲ್ಮುಖವಾದರೆ ಮುಂದಿನದು ಕೆಳಮುಖ. ಜೋಡಿಯಾದವು ಒಂದನ್ನೊಂದು ಅಳಿಸಿ, ಬೆಸಸಂಖ್ಯೆಯಾದರೆ ಒಂದು ಪದರದ್ದು ಮಾತ್ರ ಉಳಿಯುತ್ತದೆ. ಒಂಬತ್ತು ಪದರದ ಚೂರೊಂದು ಹೀಗೆ ಒಂದು ಪದರದಷ್ಟೇ ಬಲ ತೋರಿಸುತ್ತಿತ್ತು. ಅಕಸ್ಮಾತ್ತಾಗಿ ವಜ್ರದ ಮೊನೆ ಚುಚ್ಚಿ ತೂತಾದ ಬಳಿಕ ಒಂಬತ್ತೂ ಪದರಗಳು ಒಂದೇ ಮುಖವಾದವು! ಪದರಗಳು ಒಂದರ ಮೇಲೊಂದು ಕೂರುವ ರೀತಿ ಕೊಂಚ ಸರಿದರೆ ಇಡೀ ಹಾಳೆಯ ಸ್ವಭಾವ ಬದಲಾಗುತ್ತದೆಂಬುದು ಈ ಅಪಘಾತದಿಂದ ಪ್ರತ್ಯಕ್ಷವಾಯಿತು.

ಮರೆವನ್ನು ಅಳೆಯುವುದು

ಆದರೆ ನಕ್ಷೆ ಎಂಬುದು ನಿಂತ ನೀರಿನ ಚಿತ್ರ. ತುಯ್ದಾಟಕ್ಕೆ ಬೇರೆ ಉಪಾಯ ಬೇಕು, ನಮಗೆ ಅತ್ಯಂತ ಸೊಗಸಾಗಿ ಕಂಡದ್ದು ಈ ಉಪಾಯವೇ. ಹಸಿರು ಬೆಳಕಿನಿಂದ ಕುಂದಿನ ಸ್ಪಿನ್ನನ್ನು ಶಾಂತ ಸ್ಥಿತಿಗೆ ತಂದು ಬೆಳಕನ್ನು ಆರಿಸುತ್ತಾರೆ. ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಪುನಃ ಬೆಳಕು ಹಾಕಿ ನೋಡುತ್ತಾರೆ. ಸುತ್ತ ಗಲಾಟೆಯಿಲ್ಲದಿದ್ದರೆ ಸಾಮಾನ್ಯ ಉಷ್ಣತೆಯಲ್ಲಿಯೂ ಕೆಲವು ಮಿಲಿಸೆಕೆಂಡು ಅದು ಶಾಂತವಾಗಿಯೇ ಇರುತ್ತದೆ, ಬಳಿಕ ತನ್ನ ಸ್ಥಿತಿಯನ್ನು ಮರೆಯುತ್ತದೆ. ಹತ್ತಿರದ ಹಾಳೆಯಲ್ಲಿ ಪರಮಾಣುಗಳು ತುಯ್ಯುತ್ತಿದ್ದರೆ ಅವುಗಳ ಅಯಸ್ಕಾಂತ ಕ್ಷೇತ್ರವೂ ನಡುಗುತ್ತಿರುತ್ತದೆ. ಆ ನಡುಕದಲ್ಲಿ ಕುಂದಿನ ಶ್ರುತಿಗೆ ಹೊಂದುವ ಅಂಶವಿದ್ದರೆ ಸ್ಪಿನ್ ಬೇಗನೆ ಮರೆಯುತ್ತದೆ. ಶ್ರುತಿಗೂಡಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿ ಮಿಡಿಯುವ ಹಾಗೆ. ಎಷ್ಟು ಬೇಗ ಮರೆಯಿತು ಎಂಬುದೇ ತುಯ್ದಾಟದ ಅಳತೆ. ಒಂದು ಸಲಕ್ಕೆ ಸಿಗುವ ಬೆಳಕು ಬಹಳ ಕ್ಷೀಣವಾದ್ದರಿಂದ ಒಂದೊಂದು ಬಿಂದುವಿನಲ್ಲಿ ಲಕ್ಷಗಟ್ಟಲೆ ಸಲ ಇದನ್ನೇ ಮಾಡಬೇಕು. ಇನ್ನೂ ನಿಧಾನದ ತುಯ್ದಾಟಕ್ಕೆ ಸ್ಪಿನ್ನನ್ನು ಎರಡು ಸ್ಥಿತಿಗಳ ಮಿಶ್ರಣದಲ್ಲಿಟ್ಟು ಮೈಕ್ರೋವೇವಿನಿಂದ ಆಗಾಗ ಮಗುಚುವ ಇನ್ನೊಂದು ಕ್ರಮವೂ ಇದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮ. ಕುಂದು ಹಾಳೆಯಿಂದ ಎಷ್ಟು ದೂರದಲ್ಲಿದೆಯೋ ಸುಮಾರು ಅಷ್ಟೇ ಅಗಲದ ಅಲೆಗಳು ಅದಕ್ಕೆ ಚೆನ್ನಾಗಿ ತಾಗುತ್ತವೆ. ಅದಕ್ಕಿಂತ ಕಿರಿದಾದವುಗಳ ಪ್ರಭಾವ ಅಷ್ಟು ದೂರ ಮುಟ್ಟದು. ಆದ್ದರಿಂದ ದೂರವನ್ನು ಬದಲಿಸುತ್ತಾ ಹೋದರೆ ಬೇರೆ ಬೇರೆ ಅಲೆಗಳನ್ನು ಆಯ್ದು ಕೇಳಬಹುದು.

ಅಯಸ್ಕಾಂತತ್ವ ಅಳಿಯುವ ಉಷ್ಣತೆಯ ಹತ್ತಿರ ಬಂದಾಗ ತುಯ್ದಾಟ ವಿಪರೀತವಾಗುತ್ತದೆ. ಮೇಲ್ಮುಖದ ತೇಪೆಗಳೂ ಕೆಳಮುಖದ ತೇಪೆಗಳೂ ಎಲ್ಲ ಗಾತ್ರದಲ್ಲಿ ಹುಟ್ಟಿ ಅಳಿಯುತ್ತವೆ. ತೇಪೆ ದೊಡ್ಡದಾದಷ್ಟೂ ಮಗುಚಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದರಿಂದ ಇಡೀ ಹಾಳೆಯ ನಡೆ ನಿಧಾನವಾಗುತ್ತದೆ. ಶಿಸ್ತು ಹುಟ್ಟುವ ಗಳಿಗೆಯಲ್ಲಿ ಏನಾಗುತ್ತದೆಂಬ ಆನ್ಸಾಗರ್ ಕಾಲದ ಗಣಿತ ಈಗ ವಜ್ರದ ಕಿವಿಗೆ ಕೇಳಿಸುವ ಸದ್ದಾಗಿದೆ.

2023ರಲ್ಲಿ 'ನೇಚರ್ ಕಮ್ಯುನಿಕೇಶನ್ಸ್' ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ನಮ್ಮ ಕುತೂಹಲವನ್ನು ಕೆರಳಿಸಿತು. ಕ್ರೋಮಿಯಂ ಅಯೊಡೈಡಿನ ಮೂರು ಪದರದ ಎರಡು ಚೂರುಗಳನ್ನು ಒಂದರ ಮೇಲೊಂದಿಟ್ಟು ಕೊಂಚವೇ ತಿರುಚಿದ್ದರು. ಸೀರೆಯ ಎರಡು ಜಾಳುಜಾಳಾದ ಪದರಗಳನ್ನು ಓರೆಯಾಗಿ ಹಿಡಿದಾಗ ಮೂಡುವ ಅಲೆಯಂತಹ ಚಿತ್ತಾರ ಇಲ್ಲಿಯೂ ಮೂಡುತ್ತದೆ. ವಜ್ರದ ಕುಂದುಗಳ ಮೂಲಕ ನೋಡಿದಾಗ ಮೇಲ್ಮುಖ, ಕೆಳಮುಖದ ಪ್ರದೇಶಗಳು ಬೇರೆ ಬೇರೆಯಾಗಿ ಕಾಣಿಸಿದವು. ಆದರೆ ತುಯ್ದಾಟವನ್ನು ಅಳೆದರೆ ಆ ಎರಡು ಬಗೆಯ ಪ್ರದೇಶಗಳಲ್ಲಿಯೂ ಬಹುಮಟ್ಟಿಗೆ ಒಂದೇ ಸಮ! ಮುಖ ಎತ್ತ ಎಂಬುದನ್ನು ಪದರ ಪದರಗಳ ನಡುವಣ ಸಂಬಂಧ ನಿರ್ಧರಿಸಿದರೂ, ತುಯ್ದಾಟ ಎಷ್ಟು ಎಂಬುದನ್ನು ನಿರ್ಧರಿಸುವುದು ಆಯಾ ಪದರದೊಳಗಿನ ನೆರೆಯವರ ಒತ್ತಾಯವೇ ಎಂದು ಅವರು ವಿವರಿಸಿದ್ದಾರೆ. ನಕ್ಷೆಯನ್ನು ಮಾತ್ರ ನೋಡಿದವರಿಗೆ ಇದು ತಿಳಿಯುವಂತಿರಲಿಲ್ಲ.

ವಜ್ರಕ್ಕೆ ಒಬ್ಬ ಪ್ರತಿಸ್ಪರ್ಧಿಯೂ ಹುಟ್ಟಿಕೊಂಡಿದ್ದಾನೆ. ಬೋರಾನ್ ಮತ್ತು ಸಾರಜನಕದ ತೆಳು ಹರಳಿನಲ್ಲಿ ಬೋರಾನ್ ಪರಮಾಣುವೊಂದು ತಪ್ಪಿದ ಜಾಗವೂ ಇದೇ ರೀತಿ ಕೆಲಸ ಮಾಡುತ್ತದೆಂದು 2020ರಲ್ಲಿ ಜರ್ಮನಿಯ ವುರ್ಜ್‌ಬುರ್ಗಿನವರು ತೋರಿಸಿದರು. ಗಾಳಿ ತಾಗದಂತೆ ಈ ಹಾಳೆಗಳಿಗೆ ಹೊದಿಸುವುದೂ ಅದೇ ಹರಳನ್ನು. ಹೊದಿಕೆಯೇ ಸಾಕ್ಷಿಯಾದರೆ ಇನ್ನಷ್ಟು ಹತ್ತಿರದಿಂದ ಕೇಳಬಹುದಲ್ಲವೇ?

ನಾಳೆಯೇ ಇದರಿಂದ ಹೊಸ ಕಂಪ್ಯೂಟರ್ ಬಂದುಬಿಡುತ್ತದೆ ಎಂದು ಬರೆಯುವವರಿದ್ದಾರೆ. ನಾವು ಅಷ್ಟು ಧೈರ್ಯ ಮಾಡಲಾರೆವು. 228 ಡಿಗ್ರಿಯಷ್ಟು ತಣ್ಣಗೆ ಇಡಬೇಕಾದ ವಸ್ತು ಯಾರ ಮೇಜಿನ ಮೇಲೂ ಬಾರದು. ಕಬ್ಬಿಣ, ಗ್ಯಾಲಿಯಂ, ಟೆಲ್ಲೂರಿಯಂ ಸೇರಿದ ಪದರ ಪದರದ ಹರಳೊಂದು ಕೋಣೆಯ ಉಷ್ಣತೆಯಲ್ಲಿಯೂ ಅಯಸ್ಕಾಂತವಾಗಿರುತ್ತದೆಂದು 2022ರಲ್ಲಿ ವರದಿಯಾದದ್ದು ಆಶಾದಾಯಕ. ತೆಳು ಹಾಳೆಯಲ್ಲಿ ಬರೆದಿಟ್ಟ ಗುರುತು ತುಯ್ದಾಟಕ್ಕೆ ಸಿಕ್ಕಿ ಅಳಿಸಿಹೋಗದೆ ಎಷ್ಟು ಕಾಲ ನಿಂತೀತು ಎಂಬುದನ್ನು ಮೊದಲು ಅಳೆಯಬೇಕು, ಆ ಮೇಲೆ ಯಂತ್ರದ ಮಾತು. ನಮ್ಮ ದೇಶದಲ್ಲಿಯೂ 2023ರಲ್ಲಿ 6,003 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಯೋಜನೆಗೆ ಒಪ್ಪಿಗೆ ದೊರೆತು, ಸಂವೇದಕಗಳ ವಿಭಾಗ ಮುಂಬಯಿಯ ಐ.ಐ.ಟಿ.ಗೂ ಕಂಪ್ಯೂಟರಿನ ವಿಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಸಂದಿದೆ.

ಕಳೆದ ರಜೆಯಲ್ಲಿ ಆ ಹುಡುಗ ಕುಂಬಳೆ ಪೇಟೆಯಲ್ಲಿ ಸಿಕ್ಕಿದ. ಈಗ ಮಂಗಳೂರಿನಲ್ಲಿ ವಯರಿಂಗ್ ಕೆಲಸ ಮಾಡುತ್ತಾನಂತೆ. ಹೋಟೆಲಿನಲ್ಲಿ ಚಾ ಕುಡಿಯುತ್ತಾ, ಅಂದು ನಾವು ಹೇಳಿದ್ದು ತಪ್ಪೆಂದೂ, ಹಾಳೆ ಉಳಿಯುವುದು ಪರಮಾಣುಗಳ ಒಲವಿನ ಮೇಲೆ ಹೋಗುತ್ತದೆಂದೂ ತಿಳಿಸಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಆ ಹಾಳೆಯನ್ನು ಪುನಃ ಉದ್ದಕ್ಕೆ ಸೀಳಿ ಒಂದೇ ಸಾಲು ಮಾಡಿದರೆ ಸಾರ್?" ಎಂದ. ಐಸಿಂಗ್ 1925ರಲ್ಲಿ ಬರೆದದ್ದನ್ನು ಹೇಳಿದೆವು. ಈ ಸಲ ಪುಸ್ತಕ ನೋಡಿಕೊಂಡೇ ಹೋಗಿದ್ದೆವು.